ಉಡಿಗೆ ಹಾಕಿದ ಜಾಲರಿ

ಗುಳೇದಗುಡ್ಡ,
ಹೊಸ ಎಣಿಕೆಯ ಮುನ್ನೂರ ಹನ್ನೆರಡು, ಎರಡನೆಯ ಗಾಳಿತಿಂಗಳ ನಲವತ್ತೊಂದನೆಯ ದಿನ

ನಮಗಿಂತ ಬಹಳ ಮುಂಚೆ ಬಾಳಿದವರಿಗೆ ಬನಶಂಕರೆವ್ವ ಮಾಡುವ ಶರಣು.

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂದವು ಎಂದು ಹುಬ್ಬೇರಿಸಬೇಡಿ. ಗಾಳಿ ನಿಲ್ಲುವವರೆಗೆ ನಾವು ತಿಂಗಳನ್ನು ಮುಗಿಸುವುದಿಲ್ಲ, ಅಷ್ಟೇ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕನ್ನಡವನ್ನು ನಾವು ಹಿರಿಯರಿಂದ ಕಲಿತು ಬರೆಯುತ್ತೇವೆ, ಮನೆಯಲ್ಲಿ ಹಾಗೆ ಮಾತನಾಡುವುದಿಲ್ಲ. ಈ ಪತ್ರ ಹಿಂದಕ್ಕೆ ಹೇಗೆ ಬರುತ್ತದೆ ಎಂದು ಕೇಳಿದರೆ ನನಗೆ ತಿಳಿಯದು. ಅದನ್ನು ಬಲ್ಲವರು ಬೇರೆ ಇದ್ದಾರೆ, ನನ್ನ ಕೆಲಸ ಜಾಲರಿ ಆರಿಸುವುದು.

ಆ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಕೆಂಪು ಧೂಳಿನ ವರ್ಷಗಳು ಕಳೆದ ಮೇಲೆ ನಮ್ಮಲ್ಲಿ ಧೂಳುಬೇನೆ ಇಲ್ಲದ ಮನೆ ಉಳಿಯಲಿಲ್ಲ. ಪ್ರಾಯಕ್ಕೆ ಬಂದವರೆಲ್ಲ ದಿನವೂ ಔಷಧದ ಹಬೆಯನ್ನು ಎಳೆದುಕೊಳ್ಳಬೇಕು. ಅದಕ್ಕೆ ಉಸಿರುಗಿಂಡಿ ಎಂಬುದೊಂದು ಇದೆ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ತಳದಲ್ಲಿ ಔಷಧ, ಮೇಲೆ ಕಾಯುವ ತಂತಿಯ ಸುರುಳಿ, ಇವೆರಡರ ನಡುವೆ ಉಕ್ಕಿನ ಜಾಲರಿಯನ್ನು ಸುತ್ತಿ ಮಾಡಿದ ಬತ್ತಿ. ಔಷಧ ಬತ್ತಿಯನ್ನು ಹತ್ತಿ ಸುರುಳಿ ಮುಟ್ಟಿದರೆ ಹಬೆಯಾಗುತ್ತದೆ. ಇಂಥದ್ದೇ ಬಿಚ್ಚಿ ಕಟ್ಟುವ ಗಿಂಡಿಗಳನ್ನು ನೀವು ಬರೀ ಶೋಕಿಗೆ ಸೇದುತ್ತಿದ್ದಿರಂತೆ. ಹಳೆಯ ತಿಪ್ಪೆಗಳಲ್ಲಿ ಈಗಲೂ ಸಿಗುತ್ತವೆ. ಕೆಲವುಗಳಿಂದ ಇನ್ನೂ ಮಾವಿನ ಹಣ್ಣಿನ ವಾಸನೆ ಬರುತ್ತದೆ ಎಂದು ತಿಪ್ಪೆ ಅಗೆಯುವವರು ಆಣೆ ಮಾಡಿ ಹೇಳುತ್ತಾರೆ. ಅವರು ಹೇಳುವುದನ್ನೆಲ್ಲ ನಂಬಿದರೆ ನಮ್ಮ ಮನೆ ನಡೆದಂತೆಯೇ.

ನಮ್ಮ ಊರಿನ ಮಗ್ಗಗಳಲ್ಲಿ ಒಂದು ಕಾಲಕ್ಕೆ ಕುಪ್ಪಸದ ಖಣ ನೇಯುತ್ತಿದ್ದರು. ಈಗ ಅದೇ ಮಗ್ಗಗಳಲ್ಲಿ ಉಕ್ಕಿನ ಎಳೆ ಹಾಕಿ ಜಾಲರಿ ನೇಯುತ್ತೇವೆ. ಎಳೆಗೆ ಬೇಕಾದ ಉಕ್ಕು ನಿಮ್ಮ ಅಡುಗೆಮನೆಯದು. ಡಬ್ಬಿ, ತಾಟು, ಚರಿಗೆ, ಎಲ್ಲ ನೆಲದಿಂದ ಬರುತ್ತವೆ. ಅವುಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ನಿಮ್ಮ ಹೆಸರು ಕೊರೆಸಿದ್ದೀರಿ, ಯಾರ ಮದುವೆಗೆ ಯಾರು ಕೊಟ್ಟದ್ದು ಎಂಬುದೂ ಇರುತ್ತದೆ. ಕರಗಿಸುವ ಮೊದಲು ನಾನು ಓದುತ್ತೇನೆ. ಒಂದು ಚಮಚಕ್ಕೂ ಹೆಸರು ಕೊರೆಸಿದ ಪುಣ್ಯಾತ್ಮರಿದ್ದೀರಿ, ಯಾವ ನೆರೆಮನೆಯವರ ಮೇಲೆ ಅಷ್ಟು ಗುಮಾನಿಯೋ.

ಜಾಲರಿಯನ್ನು ಕಣ್ಣಿನ ಲೆಕ್ಕದಲ್ಲಿ ಕರೆಯುತ್ತೇವೆ. ಒಂದು ಬೆರಳಗಲದಲ್ಲಿ ಕಣ್ಣು ಹೆಚ್ಚಿದ್ದರೆ ನಯ ಜಾಲರಿ, ಕಡಿಮೆ ಇದ್ದರೆ ದಪ್ಪ ಜಾಲರಿ. ಬೇನೆ ಇನ್ನೂ ಎಳೆಯದಾಗಿರುವವರ ಔಷಧ ತಿಳಿಯಾಗಿರುತ್ತದೆ, ಅದಕ್ಕೆ ನಯ ಜಾಲರಿಯೇ ಸರಿ. ದಪ್ಪದ್ದನ್ನು ಹಾಕಿದರೆ ಔಷಧ ಉಕ್ಕಿ ಬಾಯಿಗೆ ಹನಿಯುತ್ತದೆ. ಬೇನೆ ಬಲಿತವರ ಔಷಧ ಬೆಲ್ಲದ ಪಾಕದಂತೆ ಮಂದ. ಅದು ನಯ ಜಾಲರಿಯ ಕಣ್ಣುಗಳಲ್ಲಿ ಏರಲಾರದು, ಅದಕ್ಕೆ ದಪ್ಪ ಜಾಲರಿಯೇ ಬೇಕು, ಅದನ್ನೂ ನಡುವೆ ಪೊಳ್ಳು ಬಿಟ್ಟು ಸುತ್ತಬೇಕು. ಸುತ್ತುವ ಮೊದಲು ಜಾಲರಿಯನ್ನು ಉರಿಯಲ್ಲಿ ಹಿಡಿದು ಮೈಬಣ್ಣ ತಿರುಗಿಸುತ್ತೇವೆ. ಹಾಗೆ ಸುಟ್ಟಾಗ ಉಕ್ಕಿನ ಮೇಲೆ ಒಂದು ಪೊರೆ ಕಟ್ಟುತ್ತದೆ. ಪೊರೆ ಇಲ್ಲದಿದ್ದರೆ ಸುರುಳಿಯ ವಿದ್ಯುತ್ತು ಜಾಲರಿಗೆ ಹರಿದು, ಒಂದೇ ಕಡೆ ಕಾದು ಕೆಂಪಗಾಗುತ್ತದೆ. ಇವೆಲ್ಲ ಕೈಗೆ ಬರುವ ವಿದ್ಯೆ. ಯಾವ ಜಾಲರಿ ಯಾರಿಗೆ ಎಂದು ತಿಳಿಯಲು ಮಾತ್ರ ಒಂದೇ ದಾರಿ, ಅವರವರ ಔಷಧದ ಒಂದು ಹನಿಯನ್ನು ಅದರ ಮೇಲೆ ಬಿಟ್ಟು ನೋಡುವುದು. ಹನಿ ಇಂಗಿದರೆ ಆ ಜಾಲರಿ ಅವರಿಗೆ ಸರಿ.

ಇಷ್ಟು ಸುಲಭದ ಕೆಲಸ ನಮ್ಮಲ್ಲಿ ಕಷ್ಟವಾಗಿರುವುದು ಮರ್ಯಾದೆಯಿಂದ. ನಾವು ನೇಕಾರರು, ನಯವಾಗಿ ನೇಯುವುದೇ ದೊಡ್ಡಸ್ತಿಕೆ ಎಂದು ಬೆಳೆದವರು. ದಪ್ಪ ಜಾಲರಿಯನ್ನು ಹೀಯಾಳಿಸಿ ಜರಡಿ ಎನ್ನುತ್ತಾರೆ. ಮದುವೆ ಗೊತ್ತಾದಾಗ ಗಂಡಿನ ಕಡೆಯವರು ಹುಡುಗಿಯ ಉಡಿ ತುಂಬುತ್ತಾರಲ್ಲ, ನಿಮ್ಮ ಕಾಲದಲ್ಲಿ ಅಕ್ಕಿ ಕೊಬ್ಬರಿಯ ಜೊತೆ ಖಣ ಹಾಕುತ್ತಿದ್ದಂತೆ ಈಗ ಜಾಲರಿ ಹಾಕುತ್ತಾರೆ, ತಮ್ಮ ಮಗ್ಗದಲ್ಲಿ ಹುಟ್ಟಿದ ಅತಿ ನಯವಾದದ್ದನ್ನು. ಸೊಸೆ ಆ ಮನೆಗೆ ಹೋದ ಮೇಲೆ ಅದರಿಂದಲೇ ಬತ್ತಿ ಸುತ್ತಿಕೊಂಡು ಉಸಿರಾಡಬೇಕು. ಬೇರೆ ಜಾಲರಿ ಕೇಳಿದರೆ ಎರಡು ತಪ್ಪು. ಕೊಟ್ಟವರ ಕೈಗುಣಕ್ಕೆ ಅವಮಾನ, ತನ್ನ ಎದೆ ಕೆಟ್ಟಿದೆ ಎಂದು ಊರಿಗೆ ಸಾರಿದಂತೆ.

ನನ್ನ ಅಕ್ಕ ಮುತ್ತವ್ವ ಬೇರೆ ಜಾಲರಿ ಕೇಳಲಿಲ್ಲ. ಮದುವೆಯಾದ ಮೇಲೆ ಅವಳ ಬೇನೆ ಬಲಿತು ಔಷಧ ಮಂದವಾಯಿತು, ಅದನ್ನು ಗಂಡನ ಮನೆಯವರಿಂದ ಮುಚ್ಚಿಟ್ಟಳು. ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡು ಆ ನಯ ಜಾಲರಿಯಲ್ಲೇ ಎಳೆದಳು. ಸುರುಳಿ ಕಾದಾಗ ನೀರು ಮೊದಲು ಹಾರಿಹೋಗುತ್ತದೆ, ಔಷಧ ಜಾಲರಿಯ ಕಣ್ಣುಗಳಲ್ಲಿ ಅಂಟಾಗಿ ಕೂರುತ್ತದೆ, ಆಮೇಲೆ ಎದೆಗೆ ಇಳಿಯುವುದು ಕಾದ ಉಕ್ಕಿನ ಬರೀ ಬಿಸಿ. ಒಂದು ಬೆಳಿಗ್ಗೆ ಮಗ್ಗದ ಮುಂದೆಯೇ ಕುಸಿದಳು, ಮತ್ತೆ ಏಳಲಿಲ್ಲ. ಅವಳ ಗಿಂಡಿಯನ್ನು ಬಿಚ್ಚಿದವಳು ನಾನು, ಬತ್ತಿಯ ತುದಿ ಕರ್ರಗಾಗಿತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಈಗ ನನ್ನ ಮಗಳು ಕಾಶವ್ವನ ಸರದಿ. ಹೋದ ಬೇಸಿಗೆಯಿಂದ ಅವಳ ಔಷಧವೂ ಮಂದವಾಗಿದೆ. ಕಮತಗಿಯಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಇವಳಿಗೆ ಮೆಚ್ಚುಗೆಯಾಗಿದ್ದ. ಅವನ ಹೆಸರು ಬಂದರೆ ಇವಳ ಕೈಯಲ್ಲಿ ಎಳೆ ಹರಿಯುತ್ತಿತ್ತು. ಔಷಧದ ವಿಷಯ ಮೊದಲೇ ಹೇಳಿಬಿಡೋಣ ಎಂದು ನಾನು ಅಂದಾಗ ನನ್ನ ಕೈ ಹಿಡಿದುಕೊಂಡಳು. "ಅವ್ವಾ, ನೀ ಏನೂ ಅನ್ನಬ್ಯಾಡ. ನಾನೇ ಸಮಯ ನೋಡಿ ಅವ್ರಿಗೆ ಹೇಳ್ತೀನಿ" ಅಂದಳು. ನಾನು ಒಪ್ಪಿಕೊಂಡೆ.

ಉಡಿ ತುಂಬುವ ದಿನ ಅವನ ತಾಯಿ ಶಾವಂತ್ರೆವ್ವ ತಂದ ಜಾಲರಿಯನ್ನು ನೋಡಿ ನನಗೇ ಕಣ್ಣು ತುಂಬಿತು. ನೀರು ಸುರಿದರೆ ನೀರು ನಿಲ್ಲುವಷ್ಟು ನಯ. "ನಮ್ಮ ಮಗ್ಗದ ಮ್ಯಾಲ ಇಂಥಾದ್ದು ಇನ್ನೊಂದು ಹುಟ್ಟಿಲ್ರಿ ಬೀಗ್ರ" ಎಂದು ಆಕೆ ಹಿಗ್ಗಿನಿಂದ ಹೇಳಿದಳು, ಅದರಲ್ಲಿ ಸುಳ್ಳಿರಲಿಲ್ಲ. ನಾನು ಮಗಳನ್ನು ಒಳಗೆ ಕರೆದು, ಹೇಳಿದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿ ಪಿಸುಗುಟ್ಟಿದಳು: "ನೀರು ಕೂಡಿಸಿ ತೆಳ್ಳಗ ಮಾಡ್ಕೊಂತೀನಿ ಬಿಡವ್ವಾ. ಯಾರಿಗೂ ಗೊತ್ತಾಗಂಗಿಲ್ಲ."

ಆ ಮಾತು ಕೇಳಿದ ಮೇಲೆ ನಾನು ಯೋಚನೆಗೆ ನಿಲ್ಲಲಿಲ್ಲ. ಗೂಡಿನಿಂದ ಅವಳ ಔಷಧದ ಸೀಸೆ ತಂದು, ಎಲ್ಲರೆದುರು ಆ ಜಾಲರಿಯ ಮೇಲೆ ಒಂದು ಹನಿ ಬಿಟ್ಟೆ. ಹನಿ ಗುಂಡಗೆ ಕೂತಿತು, ಅಲುಗಲಿಲ್ಲ. ಕೂತವರೆಲ್ಲ ನೇಕಾರರು, ವಿವರಿಸಬೇಕಾಗಿರಲಿಲ್ಲ. ಶಾವಂತ್ರೆವ್ವನ ಮುಖ ಇಳಿದುಹೋಯಿತು. "ಮೊದ್ಲ ಹೇಳಬಹುದಿತ್ತಲ್ರಿ" ಅಂದಳು, ಅದು ನ್ಯಾಯವೇ. ನಾನು ಅಂದೆ, "ಈಗ ಹೇಳಾಕತ್ತೀನ್ರಿ. ದಪ್ಪ ಜಾಲರಿ ಹಾಕ್ರಿ, ಮಗಳನ್ನ ನಕ್ಕೋತ ಕಳಸ್ತೀನಿ." ಆಕೆ ಕೇಳಿದಳು: "ಉಡ್ಯಾಗ ಜರಡಿ ಹಾಕಿ ಸೊಸೀನ ಕರ್ಕೊಂಡು ಹೋಗು ಅಂತೀರೇನ್ರಿ? ನಾಳೆ ಊರಾಗ ಹೆಂಗ ಮುಖ ಎತ್ತಲಿ?" ಸೆರಗಿನಿಂದ ಹನಿ ಒರೆಸಿ, ಜಾಲರಿ ಮಡಚಿಕೊಂಡು ಎದ್ದಳು. ಮಗ ತಲೆ ತಗ್ಗಿಸಿ ತಾಯಿಯ ಹಿಂದೆ ಹೋದ. ಅವನು ಒಮ್ಮೆ ತಿರುಗಿ ನೋಡಿದ್ದರೆ ನಾನೇ ಹೋಗಿ ಕಾಲು ಹಿಡಿಯುತ್ತಿದ್ದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನೀವು ಈಗ ಗಿಂಡಿ ಬಿಚ್ಚಿಕೊಂಡು ಕೂತು, ಈ ಜಾಲರಿ ಮೇಲೋ ಆ ಜಾಲರಿ ಮೇಲೋ ಎಂದು ನಿಮ್ಮನಿಮ್ಮಲ್ಲೇ ವಾದ ಮಾಡುತ್ತಿರಬಹುದು. ಮೇಲು ಎಂಬುದು ಜಾಲರಿಯಲ್ಲಿ ಇಲ್ಲ, ಅದು ಏನನ್ನು ಹೀರಬೇಕು ಎಂಬುದರಲ್ಲಿದೆ ಎಂದು ಅಲ್ಲಿಯೇ ಯಾರಾದರೂ ಗಟ್ಟಿಯಾಗಿ ಹೇಳಿಬಿಡಿ. ನಿಮ್ಮ ಮನೆಯಲ್ಲಿ ಉಸಿರಿಗೆ ಕಷ್ಟಪಡುವ ಹೆಣ್ಣುಮಗಳು ಇದ್ದರೆ, ನೋಡಲು ಬಂದವರ ಮುಂದೆ ಅವಳ ಔಷಧವನ್ನು ಅಡಗಿಸಬೇಡಿ. ನೀವು ಅಲ್ಲಿ ಅಡಗಿಸಿದ್ದು ನಮ್ಮವರೆಗೆ ಬಂದು ಶಾಸ್ತ್ರವಾಗಿದೆ.

ಕಾಶವ್ವ ಆವತ್ತಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಾನು ಸುತ್ತಿದ ದಪ್ಪ ಬತ್ತಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಕಿಟಕಿಯಲ್ಲಿ ಇಟ್ಟು ಹೋದರೆ ಆಮೇಲೆ ತೆಗೆದುಕೊಳ್ಳುತ್ತಾಳೆ. ಅದಕ್ಕೆ ದಿನವೂ ಇಟ್ಟು ಹೋಗುತ್ತೇನೆ. ಗೋಡೆಯ ಈಚೆ ನಿಂತು, ಅವಳು ಪೂರ್ತಿ ಒಂದು ಉಸಿರು ಎಳೆದುಕೊಂಡದ್ದನ್ನು ಕೇಳಿಸಿಕೊಂಡು, ನನ್ನ ಕೆಲಸಕ್ಕೆ ನಡೆಯುತ್ತೇನೆ.

ನಿಮಗೆ ಒಳ್ಳೆಯದಾಗಲಿ.

ಬನಶಂಕರೆವ್ವ
ಜಾಲರಿ ಆರಿಸುವವಳು