ನಾಲ್ಕನೇ ನಮೂನೆಯ ಬಾಗಿಲು

ಕೆಳಗಿನ ಮನೆ,
ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಮಹಡಿಯ ಮೇಲಿರುವ ನನ್ನ ವಾರಗಿತ್ತಿಗೆ, ಅಕ್ಕನ ಆಶೀರ್ವಾದಗಳು.

ಹದಿನೆಂಟು ಮೆಟ್ಟಿಲು ಹತ್ತಿದರೆ ಮುಗಿಯುವ ಮಾತಿಗೆ ಕಾಗದವೇಕೆ ಎಂದು ನಗಬೇಡ. ಬೆಳಿಗ್ಗೆಯಿಂದ ಎರಡು ಸಲ ಹತ್ತಿದ್ದೇನೆ. ಮೊದಲ ಸಲ ಒಣಗಿದ ಬಟ್ಟೆ ತರಲು ಬಂದವಳಂತೆ ನಟಿಸಿ ಇಳಿದೆ. ಎರಡನೇ ಸಲ ಆ ನೆಪವೂ ಇರಲಿಲ್ಲ. ನಾಳೆ ಬೆಳಿಗ್ಗೆ ನೀನು ರಾಜೀನಾಮೆ ಕೊಡುತ್ತೀಯಂತೆ. ನಿನ್ನ ಗಂಡ ಅತ್ತೆಗೆ ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. ಕೊಡಬೇಡ. ನಮ್ಮ ಆಫೀಸು ನಕ್ಷೆ ಮಾಡುತ್ತಿರುವ ಆಸ್ಪತ್ರೆಯ ನಾಲ್ಕನೇ ನಮೂನೆಯ ಬಾಗಿಲಿನ ಅಗಲ ಒಂಬೈನೂರು ಮಿಲಿಮೀಟರಿನಿಂದ ಏಳುನೂರಕ್ಕೆ ಇಳಿದದ್ದು ಕೈತಪ್ಪಿನಿಂದ. ಆ ಕೈ ನಿನ್ನದಲ್ಲ, ನನ್ನದು.

ಹದಿನಾಲ್ಕು ವರ್ಷ ನಮ್ಮ ಆಫೀಸಿನ ಪ್ರತಿ ಕಟ್ಟಡದ ಬಾಗಿಲು, ಕಿಟಕಿಗಳ ಪಟ್ಟಿ ನನ್ನ ಎಕ್ಸೆಲ್ ಶೀಟಿನಲ್ಲೇ ಹುಟ್ಟಿದ್ದು. ಅಗಲ, ಎತ್ತರ, ಯಾವ ಕೋಣೆ, ಯಾವ ಕಡೆಗೆ ತೆರೆಯುತ್ತದೆ, ಎಲ್ಲ. ಅದನ್ನು ನೋಡಿಕೊಂಡು ಒಂದೊಂದೇ ಅಂಕಿಯನ್ನು ಡ್ರಾಯಿಂಗಿನಲ್ಲಿ ಟೈಪ್ ಮಾಡುತ್ತಿದ್ದೆ. ಒಂದು ಕಟ್ಟಡಕ್ಕೆ ನಾಲ್ಕು ದಿನ. ಆ ನಾಲ್ಕು ದಿನ ಸರ್ ಕೂಡ ನನ್ನ ಮೇಜಿನ ಹತ್ತಿರ ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು. ನಿನಗೆ ಅಲ್ಲಿ ಕೆಲಸ ಕೊಡಿಸಿದವಳೂ ನಾನೇ, ಯಾರಿಗೆ ಹೇಳಲಿ! ಎರಡೇ ವರ್ಷಕ್ಕೆ ನೀನು ನನ್ನ ಶೀಟನ್ನು ಡ್ರಾಯಿಂಗ್ ಸಾಫ್ಟ್‌ವೇರಿಗೆ ಲಿಂಕ್ ಮಾಡಿಬಿಟ್ಟೆ. ನಕಲು ಮಾಡಿ ತಂದ್ರೆ ಅದು ತಂದ ದಿನದ್ದೇ ಆಗಿ ಉಳಿಯುತ್ತೆ ಸರ್, ಲಿಂಕ್ ಮಾಡಿದ್ರೆ ಅಕ್ಕ ಅಲ್ಲಿ ಏನೇ ಬದಲಾಯಿಸಿದ್ರೂ ಇಲ್ಲಿ ಒಂದು ಬಟನ್ ಒತ್ತಿದ ತಕ್ಷಣ ಬರುತ್ತೆ, ಎಂದು ಎಲ್ಲರೆದುರು ವಿವರಿಸಿದೆ. ನನ್ನ ನಾಲ್ಕು ದಿನ ನಿನ್ನ ಒಂದು ಬಟನ್ ಆಯಿತು. ಸರ್ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

ಹೊಟ್ಟೆಕಿಚ್ಚು ಎಂದು ಬರೆಯಲು ನಾಚಿಕೆ, ಆದರೆ ಅದಕ್ಕೆ ಬೇರೆ ಹೆಸರಿಲ್ಲ. ಮನೆಗೆ ಬಂದರೆ ಅತ್ತೆ, ಚಿಕ್ಕ ಸೊಸೆಗೆ ತಲೆ ಇದೆ ಎಂದರು. ನನ್ನ ಕುತ್ತಿಗೆಯ ಮೇಲೇನು ಮಡಕೆ ಇದೆಯೇ? ನಾನು ಹೆತ್ತ ಮಗಳು ಲೆಕ್ಕದ ಪುಸ್ತಕ ಹಿಡಿದು, ಚಿಕ್ಕಮ್ಮ ಚೆನ್ನಾಗಿ ಹೇಳಿಕೊಡ್ತಾರೆ ಎಂದು ಮೇಲಕ್ಕೆ ಓಡುತ್ತಾಳೆ. ನಿನ್ನ ಭಾವ, ಪಾಪ, ನೀನು ಮಾಡಿದ ಚಹಾ ಹೊಗಳಿದ ತಪ್ಪಿಗೆ ಎರಡು ದಿನ ತಣ್ಣಗಿನ ಚಹಾ ಕುಡಿದರು. ಆಸ್ಪತ್ರೆಯ ಕೆಲಸಕ್ಕೆ ಸರ್ ನಿನ್ನನ್ನು ಮುಖ್ಯಸ್ಥೆ ಮಾಡಿದ ದಿನ ಬಚ್ಚಲಿನ ನಲ್ಲಿ ತೆರೆದಿಟ್ಟು ಅತ್ತಿದ್ದೇನೆ. ನೀರು ವ್ಯರ್ಥ ಮಾಡುತ್ತೀಯೆಂದು ಅದಕ್ಕೂ ಬೈಸಿಕೊಂಡೆ.

ಮೇಲೆ ಕೈತಪ್ಪು ಎಂದು ಬರೆದೆನಲ್ಲ, ಅದು ಸುಳ್ಳು. ಹದಿಮೂರು ದಿನದ ಹಿಂದೆ, ಸೋಮವಾರ ಸಂಜೆ, ಬೇಕೆಂದೇ ಮಾಡಿದೆ. ರೋಗಿಗಳ ಇಪ್ಪತ್ತನಾಲ್ಕು ಕೋಣೆಗಳ ಬಚ್ಚಲಿಗೆ ಹಾಕುವ ಬಾಗಿಲು ಅದು; ಶೀಟಿನಲ್ಲಿ ಅಷ್ಟಕ್ಕೂ ಒಂದೇ ಸಾಲು. ನಾನು ಒಂದು ಅಂಕಿ ಬದಲಿಸಿದರೆ ಸಾಕು, ನೀನು ಬಟನ್ ಒತ್ತಿದಾಗ ಇಪ್ಪತ್ತನಾಲ್ಕೂ ಕಿರಿದಾಗುತ್ತವೆ. ಬುಧವಾರದ ಪರಿಶೀಲನೆಯಲ್ಲಿ ಅದು ಸರ್ ಕಣ್ಣಿಗೆ ಬೀಳುತ್ತದೆ, ನಿನಗೂ ನಿನ್ನ ಲಿಂಕಿಗೂ ಮಂಗಳಾರತಿಯಾಗುತ್ತದೆ, ಆಮೇಲೆ ನಾನು ಸರಿಪಡಿಸಿ ದೊಡ್ಡವಳಾಗುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಆದರೆ ಬುಧವಾರ ಸರ್ ಊರಲ್ಲಿರಲಿಲ್ಲ, ಬಡಗಿ ಅವಸರ ಮಾಡಿದ. ಇನ್ನೊಮ್ಮೆ ನೋಡೋಣವೇ ಎಂದು ಪಕ್ಕದ ಮೇಜಿನವರು ಕೇಳಿದಾಗ ನೀನು, ಅಕ್ಕನ ಶೀಟಲ್ಲಿ ತಪ್ಪಿರಲ್ಲ, ಕಳಿಸಿ ಎಂದೆ. ಎರಡು ಮೇಜಿನಾಚೆ ಕುಳಿತು ಅದನ್ನು ಕೇಳಿಸಿಕೊಂಡೆ. ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮೊನ್ನೆ ಗುರುವಾರ ಬೆಳಿಗ್ಗೆ ಬಡಗಿ ನಿನಗೆ ಫೋನ್ ಮಾಡಿ, ಚೌಕಟ್ಟೆಲ್ಲ ರೆಡಿ ಇದೆ ಮೇಡಂ, ಆದ್ರೆ ಇದರೊಳಗೆ ಗಾಲಿಕುರ್ಚಿ ಹೇಗೆ ಹೋಗುತ್ತೆ ಎಂದು ಕೇಳಿದ. ಸರ್ ಎಲ್ಲರನ್ನೂ ಕರೆದು, ಇದು ಹೇಗಾಯ್ತು ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ನೀನು ಮುಂದೆ ಬಂದು, ನನ್ನದೇ ತಪ್ಪು ಸರ್, ನೋಡದೆ ಕಳಿಸಿಬಿಟ್ಟೆ ಎಂದೆ. ಪಾಪ, ಇವಳಿಗೆ ಏನೂ ಗೊತ್ತಿಲ್ಲ ಎಂದು ನನಗೆ ಒಳಗೊಳಗೇ ನಿರಾಳವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ನಿನ್ನನ್ನು ಪ್ರಿಂಟ್ ತೆಗೆಯುವ ಕೋಣೆಗೆ ಹಾಕಿ ಆಸ್ಪತ್ರೆಯ ಕೆಲಸವನ್ನು ನನಗೇ ಕೊಟ್ಟರು.

ಹಂಬಲಿಸಿದ್ದು ಸಿಕ್ಕಿತು, ನುಂಗಲಾರದ ತುತ್ತಾಯಿತು. ನಿನ್ನೆ ನಿನ್ನ ಕುರ್ಚಿಯಲ್ಲಿ ಕುಳಿತು ಆ ಬಟನ್ ಒತ್ತಿ ನೋಡಿದೆ. ಚೆನ್ನಾಗಿದೆ ಕಣೇ. ನನ್ನ ಪಟ್ಟಿ ಪೂರ್ತಿ, ಒಂದು ಅಂಕಿ ಬಿಡದೆ ಡ್ರಾಯಿಂಗಿನಲ್ಲಿ ಬಂದು ಕುಳಿತಿತು. ಸುಡುಗಾಡು, ಅದಕ್ಕೂ ಹೊಟ್ಟೆ ಉರಿಯಿತು.

ಸರ್‌ಗೆ ಎಲ್ಲವನ್ನೂ ಬರೆದು ಕಳಿಸುತ್ತೇನೆ. ನಿನ್ನ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ನನಗೆ ಇನ್ನೂ ಉರಿಯುತ್ತದೆ. ರಾಜೀನಾಮೆ ಹರಿದು ಹಾಕು. ನಾಳೆ ಎಂದಿನಂತೆ ಎಂಟೂವರೆಗೆ ಇಳಿದು ಬಾ, ಜೊತೆಗೇ ಹೋಗೋಣ. ದಾರಿಯುದ್ದಕ್ಕೂ ಮಾತಾಡಿಸದಿದ್ದರೂ ಸರಿ.

ಇಂತಿ,
ನೀನು ಅಕ್ಕ ಎಂದು ಕರೆಯುವವಳು

ತಾ.ಕ.: ಸರ್‌ಗೆ ಬರೆಯುವಾಗ ದಿನ, ಗಂಟೆ ಸರಿಯಿರಲಿ ಎಂದು ಈಗಷ್ಟೇ ಶೀಟ್ ತೆರೆದೆ. ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆಂದು ನೀನೇ ಒಮ್ಮೆ ತೋರಿಸಿದ್ದೆ, ಅಸಡ್ಡೆಯಿಂದ ಮರೆತಿದ್ದೆ. ಸೋಮವಾರ ಸಂಜೆ ನಾಲ್ಕು ನಲವತ್ತು: ಒಂಬೈನೂರು ಹೋಗಿ ಏಳುನೂರು, ಪಕ್ಕದಲ್ಲಿ ನನ್ನ ಹೆಸರು. ಗುರುವಾರ ಬೆಳಿಗ್ಗೆ ಹನ್ನೊಂದು ಹತ್ತು: ಆ ದಾಖಲೆಯಿಂದಲೇ ಹಳೆಯ ಅಂಕಿ ವಾಪಸು, ಪಕ್ಕದಲ್ಲಿ ನಿನ್ನ ಹೆಸರು. ಸರ್ ನಮ್ಮನ್ನು ಕರೆದದ್ದು ಹನ್ನೊಂದೂವರೆಗೆ. ಅಂದರೆ ನನ್ನ ಹೆಸರು ಓದಿಕೊಂಡೇ ಮುಂದೆ ಬಂದೆಯಾ? ಈ ರಾಜೀನಾಮೆಯೂ ಜಾಗ ನನಗಿರಲಿ ಎಂದೇ? ಒಳ್ಳೆಯತನವನ್ನಾದರೂ ಸ್ವಲ್ಪ ನನಗೆ ಉಳಿಸಬಾರದಿತ್ತೇ, ಮಹಾರಾಯ್ತಿ?