ಮಂಡಿಗೆ ಹಚ್ಚಿದ ಹರಳೆಣ್ಣೆ

ನಂಜನಗೂಡು
೧೨-೮-೨೦೦೪

ಪ್ರೀತಿಯ ಪ್ರಸಾದನಿಗೆ ರಾಜೇಂದ್ರಣ್ಣನ ಆಶೀರ್ವಾದ.

ಹುಲ್ಲಹಳ್ಳಿ ಬಸ್ಸಿನಲ್ಲಿ ನಿಮ್ಮವ್ವ ಸಿಕ್ಕಿದ್ದರು. “ಕಾಲ್ಗೇನೂ ಆಗಿಲ್ಲ, ಮನ್ಸು ಸರಿಯಿಲ್ಲ, ಅದ್ಕೇ ಆಡಕ್ಕಾಗಲ್ಲ ಅಂತ ಕೋಚ್‌ಗೆ ಎಲ್ರ ಮುಂದೇನೆ ಯೇಳ್ಬುಟ್ನಂತೆ ಕಣಪ್ಪ. ಈಗ ಮನ್ಸಿನ್ ಡಾಕ್ಟ್ರತ್ರ ತೋರಿಸ್ಕತಾವ್ನೆ” ಎಂದರು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರೂ ದನಿ ತಗ್ಗಿಸಲಿಲ್ಲ. ನಿನಗೆ ಆ ಧೈರ್ಯ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

ಟಿ. ನರಸೀಪುರದ ಮೈದಾನದಲ್ಲಿ ನಿನಗೆ ಗೋಲು ಕಾಯುವುದನ್ನು ಕಲಿಸಿದವನು ನಾನು. ನೀನು ತಡೆದ ಪೆನಾಲ್ಟಿಗಳನ್ನೆಲ್ಲ ನೋಡಿದ್ದೇನೆ. ಇದರ ಮುಂದೆ ಅವು ಏನೂ ಅಲ್ಲ ಕಣೋ.

ತೊಂಬತ್ತಾರರಲ್ಲಿ ನಾನು ಬೆಂಗಳೂರಿನ ಟೀಮ್ ಬಿಟ್ಟು ಬಂದದ್ದು ಮಂಡಿ ನೋವಿನಿಂದ ಎಂದು ನಿಮಗೆಲ್ಲ ಹೇಳಿದ್ದೆ. ಮಂಡಿಗೆ ಏನೂ ಆಗಿರಲಿಲ್ಲ. ಆಟಕ್ಕೆ ಇಳಿಯುವ ಮುಂಚೆ ಬೂಟಿನ ಲೇಸ್ ಕಟ್ಟಲಾಗದಷ್ಟು ಕೈ ನಡುಗುತ್ತಿತ್ತು. ಹಾಗೆಂದು ಹೇಳಲು ನಾಚಿಕೆಯಾಗಿ, ಚೆನ್ನಾಗಿದ್ದ ಮಂಡಿಗೆ ಬ್ಯಾಂಡೇಜ್ ಸುತ್ತಿಕೊಂಡೆ. ಆ ನಡುಕ ಈಗಲೂ ಬರುತ್ತದೆ. ನಿನ್ನ ಅತ್ತಿಗೆ ಯಶೋಧರಾ ಎಂಟು ವರ್ಷದಿಂದ ದಿನಾ ಸಂಜೆ ಹರಳೆಣ್ಣೆ ಬಿಸಿ ಮಾಡಿ ಆ ಮಂಡಿಗೆ ತಿಕ್ಕುತ್ತಿದ್ದಾಳೆ.

ನಿನ್ನೆ ಅವಳಿಗೆ ನಿನ್ನ ವಿಷಯ ಹೇಳಿದೆ. ಹಾಗೇ ನನ್ನದನ್ನೂ ಹೇಳಿಬಿಟ್ಟೆ. “ಮಂಡಿ ನೋವಲ್ಲ ಅಂತ ನಂಗೊತ್ತಿತ್ತು” ಎಂದಳು. ಮತ್ತೆ ಇಷ್ಟು ವರ್ಷ ತಿಕ್ಕಿದ್ದೇಕೆ ಎಂದು ಕೇಳಿದೆ.

“ನೋವು ಎಲ್ಲಿ ಅಂತ ನೀವು ಯೇಳ್ಲೇ ಇಲ್ವಲ್ಲ. ತೋರಿಸ್ದ ಕಡೆ ತಿಕ್ದೆ.”

ನೀನು ತೋರಿಸಿಕೊಳ್ಳುತ್ತಿರುವ ಡಾಕ್ಟರ ವಿಳಾಸ, ಅವರು ಸಿಗುವ ಹೊತ್ತು ಬರೆದು ಕಳಿಸು. ಅವಳೂ ಜೊತೆಗೆ ಬರುತ್ತಾಳಂತೆ. ನಿನ್ನ ಹೆಸರು ಹೇಳಿಕೊಂಡು ಬರುತ್ತೇವೆ.

ಇಂತಿ,
ನಿನ್ನ ರಾಜೇಂದ್ರಣ್ಣ