ಗುರುವಾರದ ಮೂಡುಗಾಳಿ

ಮಾರ್ಚ್ 8, ಭಾನುವಾರ. ಬೆಳಿಗ್ಗೆ 7
ಡೊಂಬಿವಲಿಯ ನಮ್ಮ ಟೆರೇಸಿನಲ್ಲಿ 24 ಡಿಗ್ರಿ. ಗಾಳಿ ಇಲ್ಲ. ಸೆಖೆ ಶುರು. ಮುಂಬೈ ಕಡೆಯ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದೆ: ‘ಮುಂದಿನ ವಾರ ಠಾಣೆ 35, ಡೊಂಬಿವಲಿ-ಕಲ್ಯಾಣ 37, ಐರೋಲಿ ಖಾಡಿಯ ಹಿನ್ನೀರಿನ ಪಕ್ಕ 34. ಮಧ್ಯಾಹ್ನ ಒಂದರ ಹೊತ್ತಿಗೆ ಸಮುದ್ರದ ಗಾಳಿ. ಸಂಡಿಗೆ ಹಾಕುವವರು ಹತ್ತರೊಳಗೆ ಹಾಕಿ ಕೆಳಗಿಳಿಯಿರಿ.’
ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಇದೇ ಕೆಲಸ. ಕೊನೆಯ ವಾಕ್ಯ ಮಾತ್ರ ಹೋದ ವರ್ಷದಿಂದ.
ಹತ್ತು ನಿಮಿಷದಲ್ಲಿ ಜಯಲತಾಳ ನಂಬರಿನಿಂದ ಉತ್ತರ. ಮುಗಿದ ಕೈಗಳ ಇಮೋಜಿ. ಜಯಲತಾ ತೀರಿಕೊಂಡು ಈ ಇಪ್ಪತ್ತೇಳಕ್ಕೆ ಒಂದು ವರ್ಷ.
ಫೋನು ಅವಳ ಗಂಡ ಗುಣಪಾಲರ ಹತ್ತಿರ ಇದೆ, ಒತ್ತುವವರು ಅವರೇ. ಗೊತ್ತು. ಆದರೂ ಹೆಸರಿನ ಪಕ್ಕ ಅವಳ ಮುಖ. ಫೋನು ಮಗುಚಿಟ್ಟೆ.

ಮಾರ್ಚ್ 11
ಕಾಲೇಜಿನಲ್ಲಿ ಹನ್ನೊಂದನೆಯ ತರಗತಿ. ಬೋರ್ಡಿನ ಮೇಲೆ ಸಮುದ್ರ, ನೆಲ, ಬಾಣಗಳು. ಹಿಂದಿನ ಬೆಂಚಿನ ಹುಡುಗಿ ಕೇಳಿದಳು — “ಮ್ಯಾಮ್, ಪೂರ್ವದ ಗಾಳಿ ಜೋರಿದ್ದರೆ? ಸಮುದ್ರದ ಗಾಳಿ ಬರೋದೇ ಇಲ್ವಾ?”
ಬರೋದೇ ಇಲ್ಲ. ಅಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತು ನನಗೆ.

ಮಾರ್ಚ್ 15, ಭಾನುವಾರ
ಮುನ್ಸೂಚನೆ ಹಾಕಿದೆ. ಮುಗಿದ ಕೈಗಳು ಬಂದವು.

ಮಾರ್ಚ್ 19, ಗುರುವಾರ
ಯುಗಾದಿ. ಎದುರು ಬಾಲ್ಕನಿಗಳಲ್ಲೆಲ್ಲ ಮರಾಠಿಗರ ಗುಡಿ, ಕೋಲಿನ ತುದಿಗೆ ಕಟ್ಟಿದ ರೇಷ್ಮೆ ಬಟ್ಟೆ. ಕಾಲೇಜಿಗೆ ರಜೆ, ಹಾಗಾಗಿ ಹನ್ನೊಂದಕ್ಕೆ ಮೇಲೆ ಹೋದೆ. ಹೋಗಬಾರದಿತ್ತು.
ಪಕ್ಕದಲ್ಲಿ, ಜಯಲತಾಳ ಮನೆಯಿರುವ ಬಿ ವಿಂಗಿನ ಟೆರೇಸಿನಲ್ಲಿ ಬಿಳಿ ಪಂಚೆ ಹಾಸಿದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಪಂಚೆಯ ಮೇಲೆ ಏನೂ ಇಲ್ಲ. ಟ್ಯಾಂಕಿನ ನೆರಳಲ್ಲಿ ಗುಣಪಾಲ ಕೂತಿದ್ದಾರೆ, ಅದನ್ನೇ ಕಾಯುತ್ತ.
ಇಳಿದು ಬಂದೆ. ಒಬ್ಬಟ್ಟು ಮುಚ್ಚಿಟ್ಟೆ.

ಅದೇ ದಿನ, ಸಂಜೆ
ಬರೆದುಬಿಡುತ್ತೇನೆ. ಎಲ್ಲಿಯೂ ಬರೆದಿಲ್ಲ ಇದುವರೆಗೆ.
ಹೋದ ವರ್ಷ ಮಾರ್ಚ್ ಮೂರನೆಯ ವಾರ ಕಲ್ಯಾಣದಲ್ಲಿ ಮಳೆ ಎಂದಿದ್ದೆ. ಬರಲಿಲ್ಲ. “ಕೊಡೆ ಹಿಡಿದು ಲೋಕಲ್ ರೈಲು ಹತ್ತಿದ್ದು ನಾನೊಬ್ಬನೇ ಟೀಚರ್” ಎಂದು ಕಲ್ಯಾಣದ ಮುರಾರಿ ಗ್ರೂಪಿನಲ್ಲಿ ಹಾಕಿದ. ಎಪ್ಪತ್ತು ಜನ ನಕ್ಕರು. ಸಂಡಿಗೆ ಮುಂದೂಡಿದ ಹೆಂಗಸರು ಕೇಳಿದರು, ಇನ್ನು ಯಾವಾಗ? ಮಂಗಳವಾರದಿಂದ ಗುರುವಾರದ ತನಕ ಧೈರ್ಯವಾಗಿ ಹಾಕಿ, ಒಂದಕ್ಕೆ ಗಾಳಿ ತಿರುಗುತ್ತದೆ ಎಂದೆ.
ಇಪ್ಪತ್ತೇಳು, ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಗೊತ್ತಾಯಿತು. ಗಾಳಿ ಪೂರ್ವದ್ದು, ಘಟ್ಟದ ಕಡೆಯಿಂದ, ಒಣಗಿದ್ದು. ಫೋನಿನ ನೋಟ್ಸ್‌ನಲ್ಲಿ ಬರೆದೆ: ‘ತಿದ್ದುಪಡಿ. ಇವತ್ತು 41 ದಾಟಬಹುದು. ಟೆರೇಸಿಗೆ ಹೋಗಬೇಡಿ.’ ಯಾವಾಗಲೂ ಅಲ್ಲಿ ಬರೆದು ಆಮೇಲೆ ಗ್ರೂಪಿಗೆ ಹಾಕುವುದು. ಹಾಕಲಿಲ್ಲ. ಮುರಾರಿ ಏನನ್ನುತ್ತಾನೋ ಎಂದು. ಇನ್ನೊಂದು ಗಂಟೆ ನೋಡೋಣ ಎಂದು. ಕ್ಲಾಸಿಗೆ ಹೋದೆ.
ನಾಲ್ಕು ಗಂಟೆಗೆ ವಾಚ್‌ಮನ್ ನೋಡಿದ್ದು. ಟ್ಯಾಂಕಿನ ಪಕ್ಕ ಜಯಲತಾ ಬಿಸಿಲಿಗೆ ಬಿದ್ದಿದ್ದಳು. ಸಂಡಿಗೆ ಒಣಗಿ ಬಟ್ಟೆ ಬಿಟ್ಟು ಎದ್ದಿದ್ದವಂತೆ.

ಮಾರ್ಚ್ 22, ಭಾನುವಾರ. ಬೆಳಿಗ್ಗೆ
ಹವಾಮಾನದ ಮಾಡೆಲ್‌ಗಳೆಲ್ಲ ಒಂದೇ ಮಾತು ಹೇಳುತ್ತಿವೆ. ಗುರುವಾರ ಮೂಡುಗಾಳಿ. ಡೊಂಬಿವಲಿ 41, ಪನವೇಲ್ ಕಡೆಯೂ 40. ಇದ್ದದ್ದನ್ನು ಇದ್ದಂತೆ ಹಾಕಿದೆ.
ಮುಗಿದ ಕೈಗಳು ಬರಲಿಲ್ಲ. ಜಯಲತಾಳ ಹೆಸರಿನ ಕೆಳಗೆ ‘ಟೈಪಿಂಗ್’ ಎಂದು ತೋರಿಸುತ್ತಲೇ ಇತ್ತು. ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಕೊನೆಗೆ —
‘ಟೀಚರ್, ಹೋದ ವರ್ಷವೂ ಇದೇ ಗಾಳಿಯಾ?’
ಚಪ್ಪಲಿ ಹಾಕಿಕೊಂಡೆ.

ಮಧ್ಯಾಹ್ನ
ಗುಣಪಾಲ ಬಾಗಿಲು ತೆಗೆದರು. ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕ್ಯಾಂಟೀನ್ ನೋಡಿಕೊಳ್ಳುವ ಮನುಷ್ಯ, ಭಾನುವಾರ, ಹಬ್ಬದ ದಿನ ಮಾತ್ರ ಹಗಲು ಮನೆಯಲ್ಲಿ. ಫೋನು ಕೈಯಲ್ಲೇ ಇತ್ತು.
“ಅವಳು ಪ್ರತಿ ವಾರ ಕೈ ಮುಗೀತಿದ್ಲಲ್ಲ ನಿಮಗೆ. ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ ನನಗೆ. ಹೆದರಿಸಿದ್ರೆ ಬೇಜಾರು ಮಾಡ್ಬೇಡಿ ಮಾರಾಯ್ರೆ.”
ಕೂರಲಿಲ್ಲ. ನಿಂತೇ ನೋಟ್ಸ್ ತೆರೆದು ಕೊಟ್ಟೆ. ತಾರೀಖು, ಹೊತ್ತು, ಮೂರು ವಾಕ್ಯ. ಕನ್ನಡಕ ಹುಡುಕಿ ಓದಿದರು. ಮತ್ತೆ ಓದಿದರು.
“ಕಳಿಸ್ಲಿಲ್ಲ?”
“ಇಲ್ಲ ಗುಣಪಾಲ್ ಅವರೇ. ಮತ್ತೆ ತಪ್ಪಾದರೆ ಜನ ನಗ್ತಾರೆ ಅಂತ... ಕಳಿಸಲಿಲ್ಲ.”
ಅವರು ಗೋಡೆ ಹಿಡಿದು ಕೂತರು.
“ಅವಳಿಗೆ ಗೊತ್ತಾಗಿತ್ತು ಟೀಚರ್. ಬೆಳಿಗ್ಗೆಯೇ ಹೇಳಿದ್ಲು, ಇವತ್ತು ಗಾಳಿ ಸರಿ ಇಲ್ಲ, ಹಿಟ್ಟು ಫ್ರಿಜ್ಜಿನಲ್ಲಿಡ್ತೇನೆ ಅಂತ. ನಾನೇ ನಿಮ್ಮ ಭಾನುವಾರದ ಮೆಸೇಜ್ ತೋರಿಸಿದ್ದು. ಟೀಚರ್ ಬರೆದಿದ್ದಾರೆ, ನಿನಗೇನು ಗೊತ್ತುಂಟು, ಹೋಗು ಅಂದೆ. ಹೋದ್ಲು.”
ಅವರ ಕೈಯಿಂದ ನನ್ನ ಫೋನು ತೆಗೆದುಕೊಂಡೆ.
“ಮಗ ಮಯೂರನಿಗೆ ಆಸ್ಪತ್ರೆಯಲ್ಲೇ ಇದನ್ನು ಹೇಳಿದೆ. ಹದಿಮೂರು ದಿನ ಮುಗಿಸಿ ಪನವೇಲ್ ಹತ್ತಿರ ಕಾಮೋಠೆಯಲ್ಲಿ ಬೇರೆ ಮನೆ ಮಾಡಿದ ಅವ. ಈಗ ಫೋನೂ ತೆಗೆಯುವುದಿಲ್ಲ.”
“ನಾನು ಹೋಗಿ ಹೇಳ್ತೀನಿ ಅವನಿಗೆ.”
ಕ್ಯಾಲೆಂಡರಿನ ಹಾಳೆ ಹರಿದು ಮಗನ ವಿಳಾಸ ಬರೆದರು. ಬಾಗಿಲ ತನಕ ಬಂದರು.
“ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತು ಟೀಚರ್. ಬರ್ತಾ ಇಲ್ಲ. ನಾಳೆ ಬರಬಹುದು.”

ಮಾರ್ಚ್ 26, ಗುರುವಾರ
41.3. ಬಿ ವಿಂಗಿನ ಟೆರೇಸ್ ಖಾಲಿ. ಮೂರು ಸಲ ನೋಡಿ ಬಂದೆ.

ಮಾರ್ಚ್ 28, ಶನಿವಾರ
ನಿನ್ನೆ ಏನೂ ಬರೆಯಲಾಗಲಿಲ್ಲ.
ಇವತ್ತು ಹೋದೆ. ಠಾಣೆಯಲ್ಲಿ ಗಾಡಿ ಬದಲಿಸಿ ಮಾನಸರೋವರ್ ಸ್ಟೇಷನ್, ಅಲ್ಲಿಂದ ರಿಕ್ಷಾ. ಮಯೂರ್ ಗಡ್ಡ ಬಿಟ್ಟಿದ್ದಾನೆ. ಕಣ್ಣು ಅಮ್ಮನದೇ, ನೋಡಲಾಗಲಿಲ್ಲ. ನೋಟ್ಸ್ ತೋರಿಸಿದೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಗಟ್ಟಿಯಾಗಿ ಓದಬೇಕಾಯಿತು. ‘ಟೆರೇಸಿಗೆ ಹೋಗಬೇಡಿ.’
“ಔರ್ ಭೇಜಾ ನಹೀ?” ಕಳಿಸಲೇ ಇಲ್ಲವಾ ಎಂದು, ಹಿಂದಿಯಲ್ಲಿ.
“ಇಲ್ಲ. ಜನ ನಗ್ತಾರೆ ಅಂತ.”
ಎದ್ದು ಕಿಟಕಿಯ ಹತ್ತಿರ ಹೋದ. ಬೈಯುತ್ತಾನೆ ಎಂದುಕೊಂಡೆ. ಬೈದ. “ಆಪ್ಕೋ ಹಸೀ ಕಾ ಡರ್ ಥಾ, ಆಂಟಿ? ಹಸೀ ಕಾ?” ನಗುವಿಗೆ ಹೆದರಿದಿರಾ ಎಂದು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ನಲ್ಲಿಯ ಸದ್ದಿನಲ್ಲೂ ಕೇಳಿಸಿತು. ಕೂತೇ ಇದ್ದೆ.
ಹೊರಬಂದು ಕೇಳಿದ, ಈ ಸಲ ಕನ್ನಡದಲ್ಲಿ, ತಡವರಿಸುತ್ತ — “ಪಪ್ಪನಿಗೆ ಗೊತ್ತುಂಟಾ?”
“ಮೊದಲು ಅವರಿಗೇ ಹೇಳಿದ್ದು.”
“ಏನಂದ್ರು?”
“ನಿನ್ನ ವಿಳಾಸ ಬರೆದುಕೊಟ್ಟರು.”
ಬೂಟು ಹಾಕಿಕೊಂಡ. ನನ್ನ ಜೊತೆಗೇ ರೈಲು ಹತ್ತಿದ. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಇಳಿಯುವಾಗ ಜನರ ನೂಕಿನಲ್ಲಿ ನನ್ನ ಬ್ಯಾಗು ತಾನೇ ಹಿಡಿದ.
ಸಂಜೆಯಾಗಿತ್ತು, ಬಿ ವಿಂಗಿನ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟೆ. “ನೀವೂ ಬನ್ನಿ” ಎಂದ. ಹೋದೆ.
ಅಪ್ಪ ಬಾಗಿಲು ತೆಗೆದರು. ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಮಯೂರ್ ಒಳಗೆ ಹೋಗಿ ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ತುಳುವಿನಲ್ಲಿ ಏನೋ ಕೇಳಿದ. ನನಗೆ ತುಳು ಬಾರದು. ಅಮ್ಮ ಎಂದದ್ದು ತಿಳಿಯಿತು, ಆ ದಿನ ಎಂದದ್ದು ತಿಳಿಯಿತು.
ಗುಣಪಾಲ ಹೇಳತೊಡಗಿದರು. ಮೆಲ್ಲಗೆ, ಬೆಳಗಿನಿಂದ, ಒಂದೊಂದಾಗಿ. ನಡುವೆ ಎಲ್ಲೋ ನನ್ನ ಹೆಸರು ಬಂತು. ಮಯೂರ್ ತಲೆಯೆತ್ತಿ ನನ್ನ ಕಡೆ ನೋಡಿದ, ಆಮೇಲೆ ಅಪ್ಪನ ಕಡೆ, ಆಮೇಲೆ ಕೂತಲ್ಲಿಂದಲೇ ಅಪ್ಪನ ಹತ್ತಿರಕ್ಕೆ ಸರಿದು, ಮುಂದೆ ಹೇಳಿ ಎನ್ನುವಂತೆ ತಲೆಯಾಡಿಸಿದ.